ಸೀಟು ಹಿಡಿಯುವ ತಲಾಂತು

ಕಳೆದ ವರ್ಷ ಆಗಸ್ಟ್ ತಿಂಗಳ ಮೊದಲ ಭಾನುವಾರ, ಬೊಂಬಾಯಿಯ ಪರೇಲ್‌ನ ನಮ್ಮ ಕನ್ನಡ ಚರ್ಚಿನ ಸಭೆಯಲ್ಲಿ ಗದಗ ಕಡೆಯ ಒಬ್ಬಾತ ಎದ್ದು ನಿಂತು, ದೇವರು ತನಗೆ ಕೊಟ್ಟ ತಲಾಂತು ಲೋಕಲ್ ಟ್ರೈನಿನಲ್ಲಿ ಸೀಟು ಹಿಡಿಯುವುದು ಎಂದು ಹೇಳಿದ. ಸಭೆ ನಕ್ಕಿತು. ಪಾಸ್ಟರ್ ನಗಲಿಲ್ಲ.

ತಲಾಂತು ಎಂದರೆ ಬೈಬಲ್ಲಿನಲ್ಲಿ ಬೆಳ್ಳಿಯ ಒಂದು ತೂಕ. ಯಜಮಾನ ಕೊಟ್ಟದ್ದನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಸಾಮ್ಯದ ಕಥೆಯನ್ನು ಕೇಳಿ ಕೇಳಿ, ನಮ್ಮವರ ಬಾಯಲ್ಲಿ ಆ ಪದಕ್ಕೆ ಹುಟ್ಟುಗುಣ, ಪ್ರತಿಭೆ ಎಂಬ ಅರ್ಥ ಬಂದಿದೆ. ಅಂದಿನ ಉಪದೇಶವೂ ಅದರ ಮೇಲೆಯೇ ಇತ್ತು. ಮುಗಿದ ಮೇಲೆ ಪಾಸ್ಟರ್ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಹಾಡು, ಹೊಲಿಗೆ, ಅಡುಗೆ ಎಂದರು ಕೆಲವರು. ಪತ್ರಿಕೆಯ ಡೆಸ್ಕಿನಲ್ಲಿರುವ ನಾನು ಕಾಗುಣಿತ ಎಂದೆ.

"ನನಗ ಹಾಡಾಕ ಬರಂಗಿಲ್ರಿ. ಸೀಟ್ ಹಿಡಿಯಾಕ ಬರ್ತೈತಿ. ಅದೊಂದ ಬರೋದು," ಎಂದ ಆತ.

"ಹಲ್ಲು ಕಚ್ಚಿ ಹಿಡೀತಾನೆ!" ಎಂದು ಹಿಂದಿನ ಬೆಂಚಿನವರು ಚುಚ್ಚಿದರು.

ಆತನ ಕೆಲಸ ಹಲ್ಲಿನದೇ. ಕೃತಕ ದಂತ ತಯಾರಿಸುವ ಕಡೆಯಿಂದ ಹಲ್ಲಿನ ಸೆಟ್ಟುಗಳನ್ನು ದವಾಖಾನೆಗಳಿಗೆ, ಅಲ್ಲಿಂದ ಪ್ಲಾಸ್ಟರ್ ಅಚ್ಚುಗಳನ್ನು ವಾಪಸು ಒಯ್ಯಬೇಕು. ನೂಕುನುಗ್ಗಲಿನಲ್ಲಿ ನಿಂತರೆ ಅಚ್ಚು ಒಡೆಯುತ್ತದೆ. ಹಾಗಾಗಿ ಸೀಟು ಹಿಡಿಯುವುದನ್ನು ಕಲಿತಿದ್ದ.

"ಹಾಗಾದರೆ ವಿಕ್ರೋಳಿಯ ಅಮ್ಮನನ್ನು ಕರ್ಕೊಂಡು ಬಾ," ಎಂದರು ಪಾಸ್ಟರ್.

ವಿಕ್ರೋಳಿಯ ಅಮ್ಮ ಮಂಗಳೂರಿನವರು, ಶಾಲೆಯೊಂದರಲ್ಲಿ ಆಯಾ ಆಗಿದ್ದವರು. ಟ್ರೈನ್ ಹತ್ತುವಾಗ ಒಮ್ಮೆ ತಳ್ಳಾಟದಲ್ಲಿ ಬಿದ್ದ ಮೇಲೆ ಚರ್ಚಿಗೆ ಬರುವುದು ನಿಂತಿತ್ತು. ಟ್ಯಾಕ್ಸಿಯಲ್ಲಿ ಕುಳಿತರೆ ವಾಂತಿ. ತಿಂಗಳ ಮೊದಲ ಭಾನುವಾರ ಸಭೆಗೆ ಹಂಚುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಪಾಸ್ಟರ್ ಮನೆಗೇ ಒಯ್ದು ಕೊಡುತ್ತಿದ್ದರು. ಆದರೆ ಎಲ್ಲರ ಜೊತೆ ಸಾಲಿನಲ್ಲಿ ನಿಂತು ತೆಗೆದುಕೊಳ್ಳಬೇಕೆಂಬುದು ಅಮ್ಮನ ಆಸೆ.

ಸೆಪ್ಟೆಂಬರ್‌ನ ಮೊದಲ ಭಾನುವಾರ ಇದನ್ನು ನೋಡಲೆಂದೇ ನಾನೂ ವಿಕ್ರೋಳಿಯಲ್ಲಿ ಅವರ ಜೊತೆಯಾದೆ. ನಮ್ಮ ಆರಾಧನೆ ಮರಾಠಿಯವರದು ಮುಗಿದ ಮೇಲೆ, ಮಧ್ಯಾಹ್ನ. ಅದೇ ಹೊತ್ತಿಗೆ ಹಳಿ ರಿಪೇರಿಯ ಮೆಗಾ ಬ್ಲಾಕ್. ತಡವಾಗಿ ಬಂದ ಗಾಡಿ ತುಂಬಿತ್ತು. ಅದು ನಿಲ್ಲುವ ಮೊದಲೇ ಆತ ಒಳಗೆ ಜಿಗಿದ. ನಾನು ಅಮ್ಮನನ್ನು ಹತ್ತಿಸಿ ಒಳಗೆ ಹೋಗುವಷ್ಟರಲ್ಲಿ, ಅಲ್ಲೇ ಇಳಿದವರೊಬ್ಬರು ಬಿಟ್ಟ ಕಿಟಕಿ ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸಿದ್ದ. ಅಲ್ಲಿ ಕೂರಲು ಹೊರಟಿದ್ದ ಹುಡುಗಿಯೊಬ್ಬಳು ಬ್ಯಾಗು ಹಿಡಿದು ನಿಂತಿದ್ದಳು.

"ಅವ್ವಾ, ಬರ್ರಿ!"

ಅಮ್ಮ ಹುಡುಗಿಯನ್ನು ನೋಡಿದರು. "ಎಂತ ಮಾರಾಯ ನೀನು? ಇವಳ ಜಾಗ ಕಿತ್ಕೊಂಡು ನಾನು ಕರ್ತನ ಮೇಜಿಗೆ ಹೋಗುದಾ?"

"ಅವ್ವಾ, ಇದು ಬೊಂಬಾಯಿ ಐತಿ. ಹಿಡದಾಂವಂದ ಸೀಟು."

"ನಂಗೆ ಬೇಡ. ಬೇಟಾ, ತೂ ಬೈಠ್," ಎಂದು ಅಮ್ಮ ಹುಡುಗಿಗೆ ಸೀಟು ತೋರಿಸಿದರು.

"ನಹೀ ಆಂಟಿ, ಆಪ್ ಬೈಠೋ," ಎಂದಳು ಹುಡುಗಿ.

ಈ ಮಾತು ನಡೆಯುತ್ತಿರುವಾಗ ಮೂರನೆಯವನೊಬ್ಬ ಕರ್ಚೀಫು ಎತ್ತಿ ಆತನ ಕೈಗೆ ಕೊಟ್ಟು ಕುಳಿತುಬಿಟ್ಟ.

ಪರೇಲ್‌ವರೆಗೂ ಅಮ್ಮ ನಿಂತೇ ಬಂದರು. ಚರ್ಚಿನಲ್ಲಿ ಕಾಲು ನಡುಗಿ ಸಾಲಿಗೆ ಹೋಗಲಾಗಲಿಲ್ಲ. ಪಾಸ್ಟರ್ ಬೆಂಚಿನ ಬಳಿಗೇ ರೊಟ್ಟಿ ತಂದರು. "ಇನ್ನು ನನ್ನಿಂದ ಆಗ್ಲಿಕ್ಕಿಲ್ಲ," ಎಂದರು ಅಮ್ಮ.

ಆರಾಧನೆ ಮುಗಿದು ಮೂವರೂ ಅಂಗಳದ ಕಲ್ಲುಬೆಂಚಿನಲ್ಲಿ ಕುಳಿತಾಗ ನನಗಿದ್ದ ಪ್ರಶ್ನೆಯನ್ನು ಆತನಿಗೆ ಕೇಳಿದೆ. ಜಿಗಿಯಲು ಆಗದ ದಿನ ಏನು ಮಾಡುತ್ತೀಯ?

"ಇಳಿಯವ್ರನ್ನ ಕೇಳ್ತೇನ್ರಿ. ಮೊಬೈಲ್ ಕಿಸೇದಾಗ ಇಟ್ಟ, ಚಪ್ಪಲ್ ಕಾಲಿಂದ ಹುಡುಕ್ಯಾಡಾಕ ಹತ್ತಿದ ಅಂದ್ರ ಇಳೀತಾನ ಅಂತ ಲೆಕ್ಕ. ಎಲ್ಲಿ ಇಳೀತಿ ಅಂತ ಕೇಳಿದ್ರ ಹೇಳ್ತಾನ, ಎದ್ದು ಕೊಡ್ತಾನ."

"ಇವತ್ತು ಯಾಕೆ ಹಾಗೆ ಮಾಡಲಿಲ್ಲ?"

"ಅದರಾಗ ಏನ್ ತಲಾಂತ್ರಿ? ಕೇಳೂದು ಎಲ್ಲಾರ್ಗೂ ಬರ್ತೈತಿ."

ಅಮ್ಮ ಕೊಡೆಯ ತುದಿಯಿಂದ ಆತನ ಕಾಲಿಗೆ ತಿವಿದರು. "ಕೇಳಿ ಸಿಕ್ಕಿದ್ರೆ ನಾನು ಕೂತ್ಕೊಳ್ತೇನೆ. ಮೊದ್ಲೇ ಹೇಳ್ಲಿಕ್ಕೆ ಏನಾಗಿತ್ತು ನಿಂಗೆ?"

ಅಕ್ಟೋಬರ್‌ನಲ್ಲಿ ಆತ ಜಿಗಿಯಲಿಲ್ಲ. ಒಳಗೆ ಹೋಗಿ ಇಬ್ಬರನ್ನು ದಾಟಿ, ಮೊಬೈಲ್ ಕಿಸೆಗೆ ಇಡುತ್ತಿದ್ದ ಮೂರನೆಯವನನ್ನು ಕೇಳಿದ. "ಕಿಧರ್ ಉತರ್ನೇಕಾ, ಭಾಯ್?" ಕುರ್ಲಾ ಎಂಬ ಉತ್ತರ ಬಂತು. ಕುರ್ಲಾವರೆಗೆ ಅಮ್ಮ ಆತನ ಭುಜ ಹಿಡಿದು ನಿಂತರು, ಅಲ್ಲಿಂದ ಪರೇಲ್‌ವರೆಗೆ ಕುಳಿತರು. ಅಂದು ಸಾಲಿನಲ್ಲಿ ನಿಂತು ರೊಟ್ಟಿ ತೆಗೆದುಕೊಂಡರು.

ಹೋದ ತಿಂಗಳ ಮೊದಲ ಭಾನುವಾರ ಆತನ ಕೈತುಂಬ ಹಲ್ಲಿನ ಡಬ್ಬಿಗಳಿದ್ದವು. ಹತ್ತಿದ ಕೂಡಲೇ ಅಮ್ಮ ತಾವೇ ಒಬ್ಬನನ್ನು ಎಲ್ಲಿ ಇಳಿಯುತ್ತೀ ಎಂದು ಕೇಳಿದರು. ಅವನು ನಾವು ಇಳಿಯುವ ಪರೇಲ್ ಅನ್ನೇ ಹೇಳಿದ. ಅಮ್ಮ ಪಕ್ಕದವನನ್ನು ಕೇಳಿದರು. ಅವನು ಕುರ್ಲಾ ಎಂದ. ಕುರ್ಲಾದಲ್ಲಿ ಆ ಸೀಟಿನಲ್ಲಿ ಹಲ್ಲಿನ ಡಬ್ಬಿಗಳ ಸಮೇತ ಆತನನ್ನು ಕೂರಿಸಿದರು. ಅಮ್ಮನಿಗೆ ಮುಂದಿನ ಸ್ಟೇಷನ್ ಸಯನ್‌ನಲ್ಲಿ ಜಾಗ ಸಿಕ್ಕಿತು.