ಮಗಳನ್ನು ಕೊಡುವ ಊರು

ಮಗಳಿಗೆ ಎರಡು ಕಡೆಯಿಂದ ಸಂಬಂಧ ಬಂದಿತ್ತು. ಒಂದು ಗೌರಿಬಿದನೂರಿನ ಆಚೆ, ಕುಡುಮಲಕುಂಟೆ ಫ್ಯಾಕ್ಟರಿಗಳ ಪಕ್ಕದ ಹಳ್ಳಿ. ಇನ್ನೊಂದು ಸ್ಕಂದಗಿರಿ ಬೆಟ್ಟದ ಬುಡದ ಹಳ್ಳಿ. "ಹುಡುಗರಿಬ್ಬರೂ ಪರವಾಗಿಲ್ಲ. ಊರು ಮಾತ್ರ ನೀನೇ ನೋಡ್ಕೊಂಡು ಬಾರಮ್ಮ," ಎಂದಳು ಮಗಳು.

ನಮ್ಮ ಯಜಮಾನರು ಕಚೇರಿಯಲ್ಲಿ ಗುಮಾಸ್ತರು. ಅವರಾಗಲೇ ಎರಡೂ ಊರುಗಳಿಗೆ ಅಂಕ ಕೊಟ್ಟು ಮುಗಿಸಿದ್ದರು: ರಸ್ತೆ, ಆಸ್ಪತ್ರೆ, ಬಸ್ಸು, ಸಂಬಳದ ಕೆಲಸ. ಫ್ಯಾಕ್ಟರಿ ಪಕ್ಕದ ಊರು ಎಲ್ಲದರಲ್ಲೂ ಮುಂದು. ನನಗೆ ರೇಗಿತು. ಅವರು ಈ ಚಿಂತಾಮಣಿಯಲ್ಲೇ ಹುಟ್ಟಿ ಬೆಳೆದವರು, ಬೇರೆ ಊರಿನಲ್ಲಿ ಒಂದು ತಿಂಗಳೂ ಬಾಳಿದವರಲ್ಲ. ನಾನು ಶಿಡ್ಲಘಟ್ಟದಿಂದ ಮದುವೆಯಾಗಿ ಬಂದವಳು. ತವರೂರು, ಗಂಡನೂರು ಎರಡನ್ನೂ ಒಳಗಿನಿಂದ ಬಲ್ಲವರು ಯಾರು? ಹೊರಗಿನಿಂದ ಬಂದ ಸೊಸೆಯರು! ಇದು ಹೊಳೆದದ್ದೇ ತಡ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಫ್ಯಾಕ್ಟರಿ ಪಕ್ಕದ ಊರಿನಲ್ಲಿ ಕುಡಿಯುವ ನೀರಿನ ಘಟಕದ ಮುಂದೆ ಹೆಂಗಸರು ಕ್ಯಾನು ಹಿಡಿದು ನಿಂತಿದ್ದರು. "ನಿಮ್ಮ ಮಗಳನ್ನ ಇದೇ ಊರಿಗೆ ಕೊಡ್ತೀರಾ?" ಎಂದು ಕೇಳಿದೆ.

"ಊರು ಚೆನ್ನಾಗಿದೆ ಅಮ್ಮ," ಎಂದಳು ಒಬ್ಬಳು.

"ಅದ್ಸರಿ, ಕೊಡ್ತೀರಾ?"

"ಚೆನ್ನಾಗಿದೆ," ಎಂದಳು ಇನ್ನೊಬ್ಬಳು. ಕೊಡ್ತೀನಿ ಅಂತ ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಮಾರನೆಯ ದಿನ ಸ್ಕಂದಗಿರಿ ಬುಡದ ಊರಿಗೆ ಹೋಗಿ, ಹಾಲಿನ ಡೈರಿ ಮುಂದಿದ್ದ ಹೆಂಗಸರಿಗೂ ಅದೇ ಪ್ರಶ್ನೆ ಹಾಕಿದೆ. "ಈ ಊರಿಗಾ? ಬಸ್ಸಿಲ್ಲ, ಚರಂಡಿ ನೋಡಿದ್ರಾ?" ಎಂದು ಒಬ್ಬಳು ಅಲ್ಲೇ ನಿಂತಿದ್ದ ಪಂಚಾಯ್ತಿ ಮೆಂಬರನ್ನು ಎದುರೆದುರೇ ಬೈದಳು. ಅವನು ತಲೆ ಕೆರೆದುಕೊಂಡು, "ಈ ವಾರ ಮಾಡಿಸ್ತೀನಿ ಇರಕ್ಕಾ," ಎಂದ.

"ಹಾಗಾದ್ರೆ ಕೊಡಲ್ವಾ?"

"ಅಯ್ಯೋ, ಕೊಟ್ಟಾಗಿದೆ! ದೊಡ್ಡೋಳು ಆ ಹಂಚಿನ ಮನೇಲೇ ಇದ್ದಾಳೆ. ಇಲ್ಲಿ ನಾವು ಬಾಯ್ಬಿಟ್ರೆ ಕೇಳ್ತಾರಮ್ಮ."

ನನಗೆ ಅಲ್ಲೇ ಕುಣಿಯುವಷ್ಟು ಖುಷಿ.

ಮನೆಗೆ ಬಂದು ಊಟಕ್ಕೆ ಕೂತಾಗ ಉಸಿರು ಬಿಡದೆ ಎಲ್ಲ ಹೇಳಿದೆ. "ಸರಿ, ಸ್ಕಂದಗಿರಿ ಕಡೇದೇ ಆಗ್ಲಿ," ಎಂದ ಮಗಳು ನನ್ನನ್ನೇ ನೋಡಿದಳು. "ಅಮ್ಮ, ನಮ್ಮೂರಿಗೆ, ನಮ್ಮಂಥ ಮನೆಗೆ ನನ್ನ ಕೊಡ್ತಿದ್ಯಾ?"

ಯಜಮಾನರ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಇಲ್ಲ ಕಣೇ," ಎಂದುಬಿಟ್ಟೆ.

"ಯಾಕೆ?" ಎಂದರು ಅವರು. ಮದುವೆಯಾದಾಗಿನಿಂದ ಇಲ್ಲಿನ ಬಾಳು ನನಗೆ ಹೇಗಿದೆ ಎಂದು ಅವರು ಕೇಳಿದ್ದು ಅದೇ ಮೊದಲು. ನಾನು ಹೇಳತೊಡಗಿದೆ. ಎಂಜಲು ಕೈ ಒಣಗಿದರೂ ಮೂವರಲ್ಲಿ ಯಾರೂ ಏಳಲಿಲ್ಲ.