ಮೂವತ್ತೇಳು ಚುಕ್ಕಿ

ಅಜ್ಜಿ ನಮ್ಮ ಜಯನಗರದ ಮನೆ ಬಿಟ್ಟು ಬನಶಂಕರಿ ಎರಡನೇ ಹಂತದ ನಿವೃತ್ತ ಮಹಿಳೆಯರ ವಸತಿಗೆ ಹೋದದ್ದು 1982ರ ಜೂನ್ 6, ಭಾನುವಾರ. ಆಗ ನನಗೆ ಹದಿಮೂರು. ಯಾರೂ ಅವರನ್ನು ಕಳಿಸಲಿಲ್ಲ. ತಾವೇ ಅರ್ಜಿ ಹಾಕಿದ್ದರು, ತಾವೇ ಆಟೋ ಕರೆದರು.

“ಮೂವತ್ತೊಂದು ವರ್ಷ ಊರ ಮಕ್ಕಳಿಗೆಲ್ಲ ಲೆಕ್ಕ ಹೇಳ್ಕೊಟ್ಟಿದೀನಿ. ನಿಮ್ಮ ಹಾಲಿನ ಕ್ಯೂನಲ್ಲಿ ನಿಲ್ಲೋಕೆ ರಿಟೈರ್ ಆಗ್ಲಿಲ್ಲ,” ಎಂದು ಅಮ್ಮನ ಮುಖಕ್ಕೇ ಹೇಳಿ ಹೊರಟರು.

ಆ ವರ್ಷದ ಮೇ ತಿಂಗಳು ನನ್ನ ಡೈರಿಯಲ್ಲಿ ಹೀಗಿದೆ: ಅಜ್ಜಿ ಹಾಲಿಗೆ ನಿಂತದ್ದು ಇಪ್ಪತ್ತೆಂಟು ದಿನ, ಪೇಪರ್ ಮೊದಲು ಅವರ ಕೈಗೆ ಸಿಕ್ಕಿದ್ದು ಎರಡು ದಿನ, ನಕ್ಕದ್ದು ನಾಲ್ಕು ಸಲ. ವಸತಿಗೆ ನಾನು ಹೋದ ಮೊದಲ ಭಾನುವಾರ ಒಂದೇ ದಿನ ಹನ್ನೊಂದು ಸಲ ನಕ್ಕರು. ಅದರಲ್ಲಿ ಏಳು ಸಲ ಬೇರೆಯವರ ಸೋಲಿಗೆ.

ಅಲ್ಲಿ ಹನ್ನೆರಡು ಕೋಣೆಗಳು, ನಡುವೆ ಅಂಗಳ. ಒಬ್ಬೊಬ್ಬರಿಗೂ ಅವರದೇ ಬೀಗ, ಅವರದೇ ಸ್ಟೌ. ಕಾಫಿ ಯಾವಾಗ ಬೇಕೋ ಆವಾಗ. ಎಲ್ಲಿಗೆ ಹೋದಿರಿ, ಯಾಕೆ ತಡ ಎಂದು ಕೇಳುವ ಸೊಸೆಯಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದರು. ಆಟದಲ್ಲಿ ಒಬ್ಬರಿಗೊಬ್ಬರು ದಯೆ ತೋರಿಸಿದ್ದನ್ನು ನಾನು ಕಂಡಿಲ್ಲ. “ನಿಮ್ಮೆಜಮಾನ್ರು ಬೇಗ ಹೋದದ್ದು ಯಾಕೆ ಅಂತ ಈಗ ಗೊತ್ತಾಯ್ತು ಬಿಡಿ,” ಎಂದು ಒಬ್ಬರು ಕಾಯಿ ಹೊಡೆದರೆ ಹೊಡೆಸಿಕೊಂಡವರೂ ನಗುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಮಾತಿಗೆ ಮೂರು ದಿನ ಮೌನ.

ವಸತಿಯ ಕಾರ್ಯದರ್ಶಿಯಾದ ಮೇಲೆ ಅಜ್ಜಿ ಒಂದು ನಿಯಮ ಮಾಡಿದರು. ಬೆಳಿಗ್ಗೆ ಏಳರೊಳಗೆ ಅವರವರ ಬಾಗಿಲಿಗೆ ಅವರವರೇ ರಂಗೋಲಿ ಹಾಕಬೇಕು. ರಂಗೋಲಿ ಇದ್ದರೆ ಒಳಗಿರುವವರು ಎದ್ದಿದ್ದಾರೆ, ಬಗ್ಗಿದ್ದಾರೆ, ಗಟ್ಟಿಯಾಗಿದ್ದಾರೆ. ಇಲ್ಲದಿದ್ದರೆ ಹೋಗಿ ಬಾಗಿಲು ತಟ್ಟುವುದು. ಒಂದು ವಾರ ಇಲ್ಲದಿದ್ದರೆ, ಬಂದು ಕರೆದುಕೊಂಡು ಹೋಗಿ ಎಂದು ಮನೆಯವರಿಗೆ ಕಾಗದ ಬರೆಯುವುದು. ಸೂತಕಕ್ಕೆ ಮಾತ್ರ ರಜೆ.

ಮೂಲೆ ಕೋಣೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದರು. 1983ರಲ್ಲಿ ಅವರ ಬಾಗಿಲು ಬರಿದಾಗತೊಡಗಿತು. ಕೇಳಿದರೆ ಚಿಕ್ಕಪ್ಪ ತೀರಿಕೊಂಡರು, ಸೂತಕ ಎಂದರು. ಎರಡು ತಿಂಗಳು ಬಿಟ್ಟು ಮತ್ತೆ ಅದನ್ನೇ ಹೇಳಿದರು.

“ನಿಮ್ ಚಿಕ್ಕಪ್ಪ ಎಷ್ಟು ಸಲ ಸಾಯ್ತಾರ್ರೀ?” ಎಂದರು ಅಜ್ಜಿ, ಒಂದು ಭಾನುವಾರ ಎಲ್ಲರೂ ಅಂಗಳದಲ್ಲಿ ಒಟ್ಟಿಗೆ ಊಟಕ್ಕೆ ಕೂತಿದ್ದಾಗ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನರ್ಸಮ್ಮನಿಗೆ ಕೂತರೆ ಏಳಲಾಗುತ್ತಿರಲಿಲ್ಲ, ಅಷ್ಟೇ. ಹದಿನೈದು ದಿನಕ್ಕೆ ಅಣ್ಣನ ಮಗ ಬಂದು ಕರೆದೊಯ್ದ. ಆಟೋ ಹತ್ತುವಾಗ ಆಕೆ ತಿರುಗಿ, “ಟೀಚರ್, ಮಂಡಿ ನಿಮ್ಗೂ ಇದೆ,” ಎಂದರು. ಅಜ್ಜಿ ಗೇಟು ಹಾಕಿದರು.

ನಾನು ಪ್ರತಿ ಭಾನುವಾರ ಹೋದಾಗ ಹನ್ನೆರಡು ಬಾಗಿಲ ರಂಗೋಲಿಗಳನ್ನೂ ಡೈರಿಗೆ ಇಳಿಸಿಕೊಳ್ಳುತ್ತಿದ್ದೆ, ಚುಕ್ಕಿಯ ಸಂಖ್ಯೆಯ ಸಮೇತ. ಅಜ್ಜಿಯದು ಯಾವಾಗಲೂ ಒಂದೇ. ನಡುವಿನ ಸಾಲಿಗೆ ಏಳು ಚುಕ್ಕಿ, ಎರಡೂ ಕಡೆ ಒಂದೊಂದೇ ಕಡಿಮೆಯಾಗಿ ನಾಲ್ಕು ಬರುವವರೆಗೆ. ಒಟ್ಟು ಮೂವತ್ತೇಳು. ಎದುರು ಕೋಣೆಯಲ್ಲಿದ್ದವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಅವರದು ಐದು ಸಾಲು, ಸಾಲಿಗೆ ಐದು. ಅವರಿಗೆ ಬರುತ್ತಿದ್ದದ್ದು ಅದೊಂದೇ.

1984ರ ಫೆಬ್ರವರಿ 12. ಅಂಗಳದಲ್ಲಿ ಆಟ ಜೋರಾಗಿತ್ತು. ಅಜ್ಜಿ ಗೆಲ್ಲುತ್ತಿದ್ದರು. ನಾನು ಅವರ ಬಾಗಿಲ ಮುಂದೆ ನಿಂತು ಎಣಿಸಿ, ಹಿಂದಿನ ಪುಟಗಳನ್ನು ತಿರುವಿ ನೋಡಿ, ಅಲ್ಲಿಂದಲೇ ಕೂಗಿದೆ.

“ಅಜ್ಜೀ, ಇದು ನಿಮ್ದಲ್ಲ! ಇಪ್ಪತ್ತೈದೇ ಚುಕ್ಕಿ ಇದೆ. ಎದುರು ರೂಮಿನ ಆಂಟಿ ಹಾಕಿರೋದು. ನಾಲ್ಕು ವಾರದಿಂದ ಹೀಗೇ ಇದೆ, ಬರ್ಕೊಂಡಿದೀನಿ!”

ಕವಡೆ ನಿಂತಿತು. ಎಕ್ಸ್‌ಚೇಂಜಿನವರು, “ಏ ಸುಮ್ನಿರೇ,” ಎಂದು ಗದರಿದರು. ಪಕ್ಕದಲ್ಲಿದ್ದ ಇನ್ನೊಬ್ಬರು ಮೆಲ್ಲಗೆ, “ಎಣಿಸೋಕೆ ನಮ್ಗೂ ಬರುತ್ತೆ ಮಗು. ಎಣಿಸ್ಲಿಲ್ಲ, ಅಷ್ಟೇ,” ಎಂದರು.

ಆಗ ನನಗೆ ಅರ್ಥವಾಯಿತು. ನಾಲ್ಕು ವಾರದಿಂದ ಹನ್ನೊಂದು ಜನಕ್ಕೂ ಗೊತ್ತಿತ್ತು. ಆ ರಂಗೋಲಿಯನ್ನು ದಾಟಿಕೊಂಡು ಓಡಾಡುತ್ತಾ, ಯಾರೂ ಅದನ್ನು ನೋಡಿರಲಿಲ್ಲ.

ಅಜ್ಜಿ ಎದ್ದು ರಂಗೋಲಿ ಡಬ್ಬಿ ತಂದರು. ಬಾಗಿಲ ಮುಂದಿದ್ದುದನ್ನು ಸೆರಗಿನಿಂದಲೇ ಒರೆಸಿ, ಚೌಕಟ್ಟು ಹಿಡಿದು ಕುಕ್ಕರಗಾಲಿನಲ್ಲಿ ಕೂತರು. ನಡುವಿನ ಸಾಲು ಇಟ್ಟರು. ಏಳು ಚುಕ್ಕಿ, ಅಳೆದಿಟ್ಟ ಹಾಗೆ. ಮುಂದಿನ ಸಾಲಿಗೆ ಸರಿಯಲು ಹೋಗಿ ಪಕ್ಕಕ್ಕೆ ವಾಲಿದರು. ಇಬ್ಬರು ತೋಳಿಗೆ ಕೈಕೊಟ್ಟು ಎತ್ತಬೇಕಾಯಿತು. ಸೀರೆಗೆಲ್ಲ ಪುಡಿ ಮೆತ್ತಿತ್ತು.

“ಕಾಗದ ಬರೀರಿ,” ಎಂದರು ಅಜ್ಜಿ.

“ಯಾರಿಗ್ರೀ?” ಎಂದರು ಎಕ್ಸ್‌ಚೇಂಜಿನವರು.

“ನನ್ ಮಗನಿಗೆ.”

“ಟೀಚರ್, ನಿಯಮ ಮಾಡಿದವ್ರು ನೀವೇ. ನೀವೇ ತೆಗೆದ್ರಾಯ್ತು. ಯಾರು ಬೇಡ ಅಂತಾರೆ?”

“ಆ ನರ್ಸಮ್ಮನ್ನ ವಾಪಸ್ ಕರೆಸ್ತೀರಾ? ಆ ಕೋಣೆ ಕೊಟ್ಟಾಯ್ತು. ಬರೀರಿ.”

ಮುಂದಿನ ವಾರವೇ ಅಪ್ಪ ಹೋಗಿ ಕರೆತಂದರು. ಅಮ್ಮ ಬಾಗಿಲಲ್ಲೇ, “ಅಂತೂ ಬಂದ್ರಲ್ಲ. ಕೂತ್ಕೊಂಡೇ ಮಾಡೋ ಕೆಲ್ಸ ಎಷ್ಟೋ ಇದೆ,” ಎಂದು ಬಿಡಿಸದ ಅವರೆಕಾಯಿಯ ಮೊರ ಮುಂದಿಟ್ಟರು. ಪೇಪರ್ ಅಪ್ಪನ ಕೈಯಲ್ಲಿತ್ತು. ಮಾರ್ಚ್ ಪೂರ್ತಿ ಅಜ್ಜಿ ನಕ್ಕದ್ದು: ಸೊನ್ನೆ. ನನ್ನ ಜೊತೆ ಮಾತಾಡಿದ್ದೂ ಸೊನ್ನೆ.

ಏಪ್ರಿಲ್ ಒಂದರಂದು ಕೈ ಚಾಚಿ ಡೈರಿ ಕೇಳಿದರು. ಕೊಟ್ಟೆ. ನಿಧಾನವಾಗಿ ಪುಟ ತಿರುವುತ್ತಾ ಫೆಬ್ರವರಿ 12ಕ್ಕೆ ಬಂದರು. ತಮ್ಮದು, ಎದುರು ಕೋಣೆಯದು, ಎರಡೂ ಬಾಗಿಲ ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ ತಮ್ಮ ಹಳೆಯ ಕೆಂಪು ಪೆನ್ಸಿಲ್ ತೆಗೆದು, ಶಾಲೆಯಲ್ಲಿ ಹಾಕುತ್ತಿದ್ದಂತೆ ದೊಡ್ಡದಾಗಿ ಒಂದು ರೈಟ್ ಮಾರ್ಕ್ ಹಾಕಿದರು.

“ಲೆಕ್ಕ ಸರಿಯಾಗಿದೆ,” ಎಂದರು. ಡೈರಿ ನೆಲದ ಮೇಲಿಟ್ಟು ಮೊರ ಎಳೆದುಕೊಂಡರು.