ನೀರು ಹಾಕದ ವಡೆ ಹಿಟ್ಟು

ಕೊತ್ತತ್ತಿಯ ಅಜ್ಜಿ ಮನೆಯಲ್ಲಿ ಹಿಟ್ಟು ಕಲಸಿದರೆ ಒಂದೋ ಹಂಚಿಗೆ, ಇಲ್ಲ ಬಾಣಲೆಗೆ ಅಂತಿದ್ದ ಕಾಲ ಅದು. ಮೂರನೆಯದೊಂದು ದಾರಿ ಇರಬಹುದೆಂದು ಯಾರೂ ಯೋಚಿಸಿರಲಿಲ್ಲ. ನಾನು ಐದನೇ ಕ್ಲಾಸು ಮುಗಿಸಿ ಬೇಸಿಗೆ ರಜೆಗೆ ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ನಾಲೆಗೆ ಕಾಲು ಇಳಿಬಿಟ್ಟು ಕೂರುವುದು, ಮಧ್ಯಾಹ್ನ ಜಗಲಿಯಲ್ಲಿ ಚೌಕಾಬಾರ, ಸಂಜೆ ಎಲ್ಲವನ್ನೂ ನೋಟ್‌ಬುಕ್ಕಿಗೆ ಏರಿಸುವುದು. ಯಾರು ಎಷ್ಟು ಆಟ ಗೆದ್ದರು, ಕರೆಂಟು ಎಷ್ಟು ಸಲ ಹೋಯಿತು, ಒಂದನ್ನೂ ಬಿಡುತ್ತಿರಲಿಲ್ಲ.

ಆ ರಜೆಯಲ್ಲಿ ಹೊಸ ಲೆಕ್ಕವೊಂದು ಸೇರಿತು. ಮಳವಳ್ಳಿಗೆ ಕೊಟ್ಟಿದ್ದ ಸುಧಾ ಚಿಕ್ಕಮ್ಮ ಮೂರು ತಿಂಗಳ ಬಸುರಿ, ಸ್ವಲ್ಪ ದಿನ ಸುಧಾರಿಸಿಕೊಳ್ಳಲೆಂದು ತವರಿಗೆ ಬಂದಿದ್ದಳು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ನನ್ನ ಪುಟದಲ್ಲಿ ಹೀಗಿದೆ: ‘ಸೋಮವಾರ. ಇಡ್ಲಿ ಅರ್ಧ. ವಾಂತಿ ಮೂರು. ಮಂಗಳವಾರ. ಮಜ್ಜಿಗೆ ಒಂದು ಲೋಟ. ವಾಂತಿ ನಾಲ್ಕು, ಅದರಲ್ಲಿ ಮುದ್ದೆ ನೋಡಿದ್ದಕ್ಕೇ ಒಂದು.’

ಅಜ್ಜಿಗೆ ದಿಗಿಲು. “ಬಾಯ್ಗೆ ಏನ್ ಬೇಕನ್ಸ್ತದೆ ಯೋಳವ್ವ. ಬಯ್ಕೆ ಒಳ್ಗೇ ಮಡಿಕಂಡ್ರೆ ಮಗೀಗೆ ಕಿವಿ ಸೋರ್ತದೆ. ನಿಮ್ಮತ್ತೆ ಮುಂದೆ ನಾನ್ ತಲೆ ಎತ್ತಂಗಿಲ್ಲ.”

ಮೊಬೈಲು ನೋಡುತ್ತ ಮಲಗಿದ್ದ ಚಿಕ್ಕಮ್ಮ ಸಣ್ಣಗೆ ಅಂದಳು, “ಆಪಲ್ ಪೈ.” ಮೈಸೂರಿನಲ್ಲಿ ಓದುವಾಗ ಗೆಳತಿಯ ಮನೆಯಲ್ಲಿ ಒಂದೇ ಒಂದು ಸಲ ತಿಂದಿದ್ದಳಂತೆ.

ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ತಾತ ತಲೆಯೆತ್ತಿದ. ಮದ್ದೂರಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ವಡೆ ತಟ್ಟಿ ಆಮೇಲೆ ಮನೆಗೆ ಬಂದು ಕೂತವನು. “ಪೈ ಅನ್ನೋದು ಮಂಗ್ಳೂರ್ ಕಡೆಯೋರ್ ಎಸ್ರು ಕಣವ್ವ. ತಿನ್ನಾಕಾಯ್ತದಾ?”

ಚಿಕ್ಕಮ್ಮ ನಕ್ಕುಬಿಟ್ಟಳು. ಬಂದಮೇಲೆ ಅದೇ ಮೊದಲ ನಗು, ಬರೆದುಕೊಂಡೆ. ಆಮೇಲೆ ಅವಳೇ ವೀಡಿಯೊ ತೋರಿಸಿದಳು. ಕೆಳಗೆ ಬೆಣ್ಣೆ ಹಾಕಿ ಕಲಸಿದ ಮೈದಾ ಹಿಟ್ಟು, ನಡುವೆ ಸೇಬು, ಮೇಲೆ ಪುಡಿಪುಡಿಯಾದ ಸಿಹಿ ಹೊದಿಕೆ. ಭಾನುವಾರ ಚಿಕ್ಕಪ್ಪ ಅವಳನ್ನು ಕರೆದೊಯ್ಯಲು ಬರುವವರಿದ್ದರು. ಅಷ್ಟರೊಳಗೆ ಅವಳ ಬಾಯಿಗೆ ಅದು ಬೀಳಬೇಕಿತ್ತು.

ಬುಧವಾರ ತಾತ ಮದ್ದೂರಿನಿಂದ ಎಂಟು ಸೇಬು ತಂದ. ಓವನ್ ಇಲ್ಲದ್ದಕ್ಕೆ ಹಳೇ ಕುಕ್ಕರಿನ ಗ್ಯಾಸ್ಕೆಟ್ಟು, ವಿಷಲ್ಲು ಎರಡನ್ನೂ ತೆಗೆದು, ತಳಕ್ಕೆ ಕಲ್ಲುಪ್ಪು ಹರಡಿ, ಅದರ ಮೇಲೆ ತಟ್ಟೆ ಇಟ್ಟು ಮುಚ್ಚಿದೆವು. ಸಕ್ಕರೆ ಬದಲು ನಮ್ಮೂರ ಬೆಲ್ಲ, ಘಮಕ್ಕೆ ಚಕ್ಕೆ ಪುಡಿ.

ಗುರುವಾರ ಮೊದಲ ಪೈ. ಮೇಲಿನ ಪುಡಿಗೆ ನಾನು ಬೆಣ್ಣೆಯನ್ನು ಕರಗಿಸಿ ಸುರಿದಿದ್ದೆ. ಎಲ್ಲ ಅಂಟಾಗಿ ಸೇಬಿನೊಳಗೆ ಮುಳುಗಿಹೋಯಿತು. ಚಿಕ್ಕಮ್ಮ ತಿಂದದ್ದು ಒಂದು ಚಮಚ, ವಾಂತಿ ಒಂದು.

ಶುಕ್ರವಾರ ಗಟ್ಟಿ ಬೆಣ್ಣೆಯನ್ನೇ ಮೈದಾ ಮತ್ತು ಬೆಲ್ಲದ ಪುಡಿಗೆ ಬೆರಳ ತುದಿಯಲ್ಲಿ ತಿಕ್ಕಿದೆ. ಉದುರುದುರಾಗಿ ಚೆನ್ನಾಗಿಯೇ ಬಂತು. ಸೇಬಿನ ಮೇಲೆ ಉದುರಿಸಿ, ಮುಚ್ಚಳ ಹುಡುಕಲು ಹಿತ್ತಲಿಗೆ ಹೋದೆ. ಅಷ್ಟರಲ್ಲಿ ಅಜ್ಜಿ ಬಂದು ನೋಡಿದ್ದಾಳೆ. ಪಾಪ, ಮಗು ನೀರು ಹಾಕುವುದನ್ನೇ ಮರೆತಿದೆ ಅಂದುಕೊಂಡು, ಪುಡಿಯ ಮೇಲೆ ನೀರು ಚಿಮುಕಿಸಿ, ನಾದಿ, ಅಂಚಿನಿಂದ ಅಂಚಿಗೆ ಒಂದೇ ಅಳತೆಯಲ್ಲಿ ತಟ್ಟಿಟ್ಟಿದ್ದಾಳೆ. ವಡೆಯವನ ಹೆಂಡತಿ!

ಬೆಂದಮೇಲೆ ತಾತ ಬೆರಳ ಗೆಣ್ಣಿನಿಂದ ಅದನ್ನು ಟಕಟಕ ಬಡಿದ. “ಯಾರವ್ರೆ ಒಳ್ಗೆ? ಕದ ತಗೀರಪ್ಪ.”

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಅತ್ತುಬಿಟ್ಟೆ. ಉಳಿದಿದ್ದದ್ದು ಎರಡೇ ಸೇಬು. ಬೆಣ್ಣೆಯೂ ಮುಗಿದು, ಭಾನುವಾರ ಬೆಳಿಗ್ಗೆ ಅಜ್ಜಿ ಮೊಸರು ಕಡೆಯುವ ತನಕ ಕಾಯಬೇಕಾಯಿತು. ಶನಿವಾರದ ಪುಟದಲ್ಲಿ ಇಷ್ಟೇ ಇದೆ: ‘ನೀರು ಎರಡು ಲೋಟ. ಚಿಕ್ಕಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ.’

ಭಾನುವಾರ ಊಟವಾದ ಮೇಲೆ ತಾತ ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತ. “ತತ್ತಾ ಇಲ್ಲಿ.” ಪಾತ್ರೆಯನ್ನು ಎಳೆದುಕೊಂಡು ಹಿಟ್ಟಿಗೆ ಬೆಣ್ಣೆ ತಿಕ್ಕತೊಡಗಿದ. ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿದ, ಹೆಬ್ಬೆರಳಿಂದ ಒತ್ತಿದ, ಪುಡಿಯಾಗಿ ಉದುರಿತು. ಅವನ ಮುಖ ಅರಳಿತು.

“ಇಡ್ದ್ರೆ ಉಂಡೆ, ಒತ್ತಿದ್ರೆ ಪುಡಿ. ಅಯ್ಯೋ ಅಮ್ಮೀ, ಇದು ವಡೆ ಇಟ್ಟು ಕಣಮ್ಮೀ! ಮೂವತ್ತು ವರ್ಸ ದಿನಾ ಇದ್ನೇ ಮಾಡಿವ್ನಿ. ಇಷ್ಟಾದ್ಮೇಲೆ ಈಗ...” ಅನ್ನುತ್ತಲೇ ಅವನ ಎಡಗೈ ನೀರಿನ ಚೊಂಬಿಗೆ ಹೋಯಿತು.

“ತಾತಾ!” ಕಿರುಚಿದೆ. ಅಜ್ಜಿ ಚೊಂಬು ಕಿತ್ತುಕೊಂಡು ಬೆನ್ನ ಹಿಂದೆ ಮುಚ್ಚಿಟ್ಟಳು. “ಮುಟ್ಟುದ್ರೆ ನೋಡು. ಮೊನ್ನೆ ನನ್ನ ಆಡ್ಕಂಡೆಯಲ್ಲಾ.”

“ಬುಡಮ್ಮಿ, ಕೈಗೆ ಗೊತ್ತಾಗಾಕಿಲ್ಲ,” ಅಂದ ತಾತ, ಗಾಳಿಯಲ್ಲೇ ನಿಂತ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ.

ಕುಕ್ಕರು ಒಲೆಗೇರಿದಾಗ ನಾಲ್ಕೂ ಇಪ್ಪತ್ತು. ಐದು ನಿಮಿಷಕ್ಕೆ ಚಿಕ್ಕಪ್ಪನ ಕಾರು ಬಂತು. ಬೆಳಕಿರುವಾಗಲೇ ಮಳವಳ್ಳಿ ಸೇರೋಣ, ಈಗಲೇ ಹೊರಡೋಣ ಅಂದರು. ನನ್ನ ಕಣ್ಣಲ್ಲಿ ನೀರು ತುಂಬಿತು. ತಾತ ಗಂಟಲು ಸರಿಮಾಡಿಕೊಂಡ.

“ನಾಕೂವರೆಗೆ ರಾವುಕಾಲ ಅಳಿಮಯ್ಯ. ಆರ್ ಗಂಟೆ ಗಂಟ ವಸ್ಲು ದಾಟಂಗಿಲ್ಲ. ಕೂತ್ಕಳಿ.”

“ಮದ್ವೆ ಆದಾಗ್ನಿಂದ ಇಲ್ದಿದ್ ರಾವುಕಾಲ!” ಅಜ್ಜಿ ಗೊಣಗಿದಳು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಚಿಕ್ಕಮ್ಮ ಗೋಡೆಗೆ ಒರಗಿ ಕೂತಳು. ಐದು ಜನ ಅಡುಗೆಮನೆಯ ನೆಲದ ಮೇಲೆ ಕುಕ್ಕರಿನ ಕಡೆ ಮುಖಮಾಡಿ ಕೂತೆವು. ಮೊದಲು ಬೆಲ್ಲದ ವಾಸನೆ ಬಂತು, ಆಮೇಲೆ ಚಕ್ಕೆಯದು. ನಾನು ಏಳಹೋದರೆ ತಾತ ಕೈ ಅಡ್ಡ ಹಿಡಿದ: “ತಡಿ, ಇಟ್ಟು ಇನ್ನೂ ಅಸಿ ವಾಸ್ನೆ.” ಬೆಣ್ಣೆ ಹುರಿದ ಘಮ ಎದ್ದಾಗ, “ಈಗ ಇಳ್ಸು.” ಐದೂ ಹತ್ತು.

ಮೇಲಿನ ಪುಡಿ ಹೊಂಬಣ್ಣಕ್ಕೆ ತಿರುಗಿ ಮರಳಿನ ಹಾಗೆ ಉದುರುದುರಾಗಿ ನಿಂತಿತ್ತು. ಆರಿಸಿ ಕೊಟ್ಟದ್ದನ್ನು ಚಿಕ್ಕಮ್ಮ ಒಂದು ತುಂಡು ತಿಂದಳು. ಚಿಕ್ಕಪ್ಪ ಕೈಯಲ್ಲಿ ಬೋಗುಣಿ ಹಿಡಿದು ತಯಾರಾಗಿ ಕೂತರು. ಐದು ನಿಮಿಷ. ಹತ್ತು ನಿಮಿಷ.

“ಯಾಕೆಲ್ಲಾ ಇಂಗ್ ನೋಡ್ತಾ ಕೂತಿದ್ದೀರಾ, ನಂಗೇನ್ ಕೊಂಬು ಬಂದದಾ?” ಅಂದಳು ಚಿಕ್ಕಮ್ಮ. “ಇನ್ನೊಂದ್ ಚೂರು ಕೊಡಿ.”

‘ಭಾನುವಾರ. ಪೈ ಮೂರು ತುಂಡು. ವಾಂತಿ ಸೊನ್ನೆ.’ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಈಗ ಕೊತ್ತತ್ತಿಯ ಆ ಅಡುಗೆಮನೆಗೂ ಓವನ್ ಬಂದಿದೆ. ರಜೆ ಸಿಕ್ಕಾಗ ಹೋಗಿ ಪೈ ಮಾಡುತ್ತೇನೆ. ಇಲ್ಲಿಯವರೆಗೆ ಇಪ್ಪತ್ಮೂರು, ಒಂದೂ ಮುಳುಗಿಲ್ಲ, ಒಂದೂ ಕಲ್ಲಾಗಿಲ್ಲ. ಶಾಖ ಎಷ್ಟು, ಹೊತ್ತು ಎಷ್ಟು, ಎಲ್ಲ ಬರೆದಿಟ್ಟಿದ್ದೇನೆ. ಬೆಂದ ತಕ್ಷಣ ಓವನ್ನೇ ಗಂಟೆ ಹೊಡೆಯುತ್ತದೆ. ಆಗ ಟೀವಿ ಮುಂದಿನಿಂದ, ಮಹಡಿಯಿಂದ, ಜಗಲಿಯಿಂದ ಎಲ್ಲರೂ ಕೂಗುತ್ತಾರೆ, “ಆಯ್ತಾ?”

ಆ ಭಾನುವಾರ ಹಾಗೆ ಕೂಗಿ ಕೇಳುವವರು ಯಾರೂ ಇರಲಿಲ್ಲ. ಎಲ್ಲರೂ ಒಲೆಯ ಮುಂದೆಯೇ ಕೂತಿದ್ದರು.